ಹದಿನಾಲ್ಕು ನಿಮಿಷದ ಆಟಕ್ಕೆ ಸಾವಿರ ಕಿಲೋಮೀಟರ್ ಹೋಗಬೇಕಾ?

[ದೃಶ್ಯ: ವಿಜಯಪುರ ರೈಲು ನಿಲ್ದಾಣ, ಸೋಮವಾರ ಬೆಳಿಗ್ಗೆ. ಒಂದು ಹಳೆಯ ಫೋಟೋ. ಬೆನ್ನಿಗೆ ರಾಕೆಟ್ ಬ್ಯಾಗ್ ಹಾಕಿಕೊಂಡ ಹುಡುಗಿ ಬೆಂಚಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದಾಳೆ.]

ನಮಸ್ಕಾರ ರೀ ಎಲ್ಲರಿಗೂ.

ಈ ಫೋಟೋದಲ್ಲಿ ಇರುವವಳು ನನ್ನ ಮಗಳು. ಆಗ ಅವಳಿಗೆ ಒಂಬತ್ತು ವರ್ಷ. ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ ಟೂರ್ನಮೆಂಟ್ ಆಡಿ ಬಂದು ಇಳಿದಿದ್ದೆವು. ಶುಕ್ರವಾರ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ್ದು, ಸೋಮವಾರ ವಾಪಸ್. ಎರಡು ರಾತ್ರಿ ರೈಲಿನಲ್ಲಿ, ಒಂದು ರಾತ್ರಿ ಲಾಡ್ಜ್‌ನಲ್ಲಿ. ಶನಿವಾರದ ಶಾಲೆ ಹೋಯಿತು, ಸೋಮವಾರದ್ದೂ ಹೋಯಿತು. ಅವಳು ಅಲ್ಲಿ ಎಷ್ಟು ಹೊತ್ತು ಆಡಿದಳು ಗೊತ್ತಾ? ಹದಿನಾಲ್ಕು ನಿಮಿಷ. 21-6, 21-9. ಮೊದಲ ಸುತ್ತಿನಲ್ಲೇ ಔಟ್.

ಹಾಲ್‌ನಿಂದ ಹೊರಗೆ ಬಂದವಳು ಶೂ ಬಿಚ್ಚುತ್ತಾ ಕೇಳಿದಳು, "ಮಮ್ಮಿ, ನಾವು ಇಷ್ಟಕ್ಕ ಬಂದ್ವೇನು?"

ನನಗೆ ಉತ್ತರ ಹೊಳೆಯಲಿಲ್ಲ. "ಅನುಭವ ಬರ್ತೈತಿ ಪುಟ್ಟಿ" ಅಂದೆ. ಏನೂ ತೋಚದಿದ್ದಾಗ ದೊಡ್ಡವರು ಹೇಳುವ ಮಾತು ಅದು.

[ದೃಶ್ಯ: ಡೈರಿಯ ಒಂದು ಪುಟ, ಪೆನ್ನಿನಲ್ಲಿ ಬರೆದ ಲೆಕ್ಕ.]

ಮನೆಗೆ ಬಂದು ಲೆಕ್ಕ ಬರೆದೆ. ರೈಲು ಟಿಕೆಟ್ 1,640. ಎಂಟ್ರಿ ಫೀ 900. ರೂಮು 1,800. ಆಟೋಗೆ 1,150. ಊಟ, ಚಹಾ, ನೀರಿನ ಬಾಟಲಿ ಅಂತ 900. ಗ್ರಿಪ್ಪು, ಶಟಲ್ಲು 450. ಒಟ್ಟು 6,840 ರೂಪಾಯಿ. ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿಯೂ ಇಷ್ಟು. ಇನ್ನು ರೈಲಿನಲ್ಲಿ ಮಕ್ಕಳಿಗೆ ಅರ್ಧ ಟಿಕೆಟ್ ಅಂತ ಇನ್ನೂ ಎಷ್ಟೋ ಜನ ಅಂದುಕೊಂಡಿದ್ದಾರೆ. 2016ರ ಏಪ್ರಿಲ್‌ನಿಂದ ಐದರಿಂದ ಹನ್ನೆರಡು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಕು ಅಂದರೆ ಪೂರ್ತಿ ಚಾರ್ಜೇ ಕೊಡಬೇಕು. ರಾತ್ರಿ ಪೂರ್ತಿ ಪ್ರಯಾಣ, ಬೆಳಿಗ್ಗೆ ಆಟ. ಬರ್ತ್ ಕೊಡಿಸದೆ ಇರೋಕಾಗುತ್ತಾ?

ಅಂತೂ ಆಟದ ಒಂದು ನಿಮಿಷಕ್ಕೆ ಹತ್ತಿರ ಹತ್ತಿರ 490 ರೂಪಾಯಿ. ನಮ್ಮ ಮನೆಯವರು ಡೈರಿ ನೋಡಿ ಏನೂ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು ಅಷ್ಟೇ.

ಮಕ್ಕಳ ಆಟಕ್ಕೆ ಹೀಗೆ ಊರೂರು ತಿರುಗುವುದು ನಿಜವಾಗಿ ಲಾಭವಾ, ಯಾರಿಗೆ ಲಾಭ, ಯಾವ ವಯಸ್ಸಿನಲ್ಲಿ ಲಾಭ? ಇವತ್ತಿನ ವಿಡಿಯೋದಲ್ಲಿ ಅದನ್ನೇ ಮಾತಾಡೋಣ.

[ದೃಶ್ಯ: ಕಪ್ಪು ಹಲಗೆ. ಸೀಮೆಸುಣ್ಣದಲ್ಲಿ ನಾಕೌಟ್ ಡ್ರಾ ಬರೆಯುವ ಕೈ.]

ಮೊದಲು ಟೂರ್ನಮೆಂಟ್‌ನ ಲೆಕ್ಕ. ಇದು ಗೊತ್ತಾದರೆ ಅರ್ಧ ವಿಷಯ ಅರ್ಥವಾದ ಹಾಗೆ. ನಾಕೌಟ್ ಅಂದರೆ ಸೋತವರು ಮನೆಗೆ. 64 ಮಕ್ಕಳು ಹೆಸರು ಕೊಟ್ಟಿದ್ದಾರೆ ಅಂದುಕೊಳ್ಳಿ. ಮೊದಲ ಸುತ್ತು ಮುಗಿಯುವಷ್ಟರಲ್ಲಿ 32 ಮಕ್ಕಳ ಆಟ ಮುಗಿಯಿತು. ಎರಡನೇ ಸುತ್ತಿನಲ್ಲಿ ಇನ್ನೂ 16. ಅಂದರೆ ಬಂದವರಲ್ಲಿ ಮುಕ್ಕಾಲು ಪಾಲು ಮಕ್ಕಳು ಒಂದೋ ಎರಡೋ ಮ್ಯಾಚ್ ಆಡಿ ಬ್ಯಾಗ್ ಕಟ್ಟುತ್ತಾರೆ. ಆರು ಮ್ಯಾಚ್ ಆಡುವುದು ಫೈನಲ್‌ಗೆ ಹೋದ ಇಬ್ಬರು ಮಾತ್ರ. ಜಾಸ್ತಿ ಆಟ ಬೇಕಾಗಿದ್ದು ಯಾರಿಗೆ? ಸೋತು ಹೋದವರಿಗೆ ಅಲ್ವಾ? ಆದರೆ ಜಾಸ್ತಿ ಆಟ ಸಿಗುವುದು ಆಗಲೇ ಚೆನ್ನಾಗಿ ಆಡುವವರಿಗೆ.

ಅದೇ ಭಾನುವಾರ ಅವಳು ಇಲ್ಲೇ ಇದ್ದಿದ್ದರೆ ನಮ್ಮ ಹಾಲ್‌ನಲ್ಲಿ ಎರಡು ತಾಸಿನಲ್ಲಿ ಐದಾರು ಗೇಮ್ ಆಡುತ್ತಿದ್ದಳು, ಮಧ್ಯಾಹ್ನ ಮನೆಗೆ ಬಂದು ಉಣ್ಣುತ್ತಿದ್ದಳು.

ಇನ್ನೊಂದು ವಿಷಯ ಇದೆ. ಅವತ್ತು ಎದುರಿಗಿದ್ದ ಹುಡುಗಿ ನನ್ನ ಮಗಳಿಗಿಂತ ಒಂದು ಗೇಣು ಎತ್ತರ ಇದ್ದಳು. ನಾನು ವಯಸ್ಸಿನ ಮೋಸ ಅಂತಲೇ ಅಂದುಕೊಂಡೆ, ಜಗಳಕ್ಕೂ ರೆಡಿಯಾದೆ. ಆಮೇಲೆ ನೋಡಿದರೆ ಮೋಸ ಏನೂ ಇರಲಿಲ್ಲ. ವಯಸ್ಸಿನ ಗುಂಪು ಮಾಡುವಾಗ ಹೆಚ್ಚಿನ ಕಡೆ ಜನವರಿ 1ನ್ನು ಗೆರೆ ಅಂತ ಇಟ್ಟುಕೊಳ್ಳುತ್ತಾರೆ. ಆ ಹುಡುಗಿ ಜನವರಿಯಲ್ಲಿ ಹುಟ್ಟಿದವಳು. ನಮ್ಮವಳು ನವೆಂಬರ್. ಒಂದೇ ಗುಂಪು, ಆದರೆ ಹತ್ತು ತಿಂಗಳ ಅಂತರ. ಒಂಬತ್ತು ವರ್ಷದ ಮಗುವಿಗೆ ಹತ್ತು ತಿಂಗಳು ಅಂದರೆ ಬದುಕಿದ ಆಯುಷ್ಯದ ಹನ್ನೊಂದರಲ್ಲಿ ಒಂದು ಪಾಲು! ಆ ವಯಸ್ಸಿನಲ್ಲಿ ಗೆಲ್ಲುವವರಲ್ಲಿ ಎಷ್ಟೋ ಮಕ್ಕಳು ಬೇಗ ಬೆಳೆದವರು ಅಷ್ಟೇ. ನಾವು ಅದನ್ನು ಪ್ರತಿಭೆ ಅಂತ ಕರೆದು ಪೇಪರ್‌ಗೆ ಫೋಟೋ ಕೊಡುತ್ತೇವೆ.

[ದೃಶ್ಯ: ನಾರ್ವೆಯ ಹಿಮ. ಸ್ಕೀ ಮೇಲೆ ಬೀಳುತ್ತಾ ಏಳುತ್ತಾ ನಗುವ ಮಕ್ಕಳು.]

ನಾರ್ವೆ ದೇಶದವರು ಈ ವಿಷಯದಲ್ಲಿ ತುಂಬಾ ಖಡಕ್. ಮಕ್ಕಳ ಕ್ರೀಡೆಗೇ ಅಂತ 1987ರಲ್ಲಿ ನಿಯಮ ಮಾಡಿದರು. 11 ವರ್ಷ ಆಗುವ ತನಕ ಫಲಿತಾಂಶದ ಪಟ್ಟಿ, ರ‍್ಯಾಂಕಿಂಗ್ ಇಲ್ಲ. 13 ಆಗುವ ತನಕ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಹಾಗಾದರೆ ಆ ದೇಶ ಆಟದಲ್ಲಿ ಹಿಂದೆ ಬಿತ್ತಾ? 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಹೊಡೆದರು. ಒಂದೇ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಲ್ಲಿಯ ತನಕ ಯಾವ ದೇಶವೂ ಅಷ್ಟು ಚಿನ್ನ ಗೆದ್ದಿರಲಿಲ್ಲ. ಜನಸಂಖ್ಯೆ ಸುಮಾರು 55 ಲಕ್ಷ. ನಮ್ಮ ಬೆಳಗಾವಿ ಜಿಲ್ಲೆಯಲ್ಲೇ 2011ರ ಜನಗಣತಿ ಪ್ರಕಾರ 47 ಲಕ್ಷ ಜನ ಇದ್ದರು. ಹಿಮ ಅವರ ಮನೆ ಬಾಗಿಲಲ್ಲೇ ಇದೆ, ಕೈಯಲ್ಲಿ ದುಡ್ಡೂ ಇದೆ, ಒಪ್ಪುತ್ತೇನೆ. ಆದರೂ ಎಂಟು ವರ್ಷದ ಮಗುವನ್ನು ಚಾಂಪಿಯನ್ ಮಾಡದೆ ಇದ್ದರೆ ದೇಶ ಮುಳುಗುವುದಿಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಅಮೆರಿಕದಲ್ಲಿ ಪೂರ್ತಿ ಉಲ್ಟಾ. ಅಲ್ಲಿ ಇದಕ್ಕೆ 'ಟ್ರಾವೆಲ್ ಸ್ಪೋರ್ಟ್ಸ್' ಅಂತ ಹೆಸರೇ ಇದೆ. ಶನಿವಾರ ಭಾನುವಾರ ಬಂತು ಅಂದರೆ ಕಾರು ತುಂಬಿಕೊಂಡು ಬೇರೆ ರಾಜ್ಯಕ್ಕೆ ಹೊರಡುವ ಕುಟುಂಬಗಳಿವೆ. ಆಸ್ಪೆನ್ ಇನ್‌ಸ್ಟಿಟ್ಯೂಟ್ ಸರ್ವೆ ಪ್ರಕಾರ 2024ರಲ್ಲಿ ಒಂದು ಮಗುವಿನ ಮುಖ್ಯ ಆಟಕ್ಕೆ ಅಲ್ಲಿನ ಕುಟುಂಬ ಸರಾಸರಿ 1,016 ಡಾಲರ್ ಖರ್ಚು ಮಾಡಿತ್ತು. ಎಷ್ಟೋ ತಂದೆ ತಾಯಿಗೆ ಕಾಲೇಜಿನ ಸ್ಕಾಲರ್‌ಶಿಪ್ ಮೇಲೆ ಆಸೆ. ಆದರೆ ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯೇ ಹೇಳುವ ಪ್ರಕಾರ, ಹೈಸ್ಕೂಲಿನಲ್ಲಿ ಆಡುವ ಮಕ್ಕಳಲ್ಲಿ ಸ್ಕಾಲರ್‌ಶಿಪ್ ಸಿಗುವುದು ನೂರಕ್ಕೆ ಸುಮಾರು ಇಬ್ಬರಿಗೆ.

ನಮ್ಮಲ್ಲಿ ಆ ಜಾಗದಲ್ಲಿ ಇರುವುದು 'ಸ್ಪೋರ್ಟ್ಸ್ ಕೋಟಾ'.

[ದೃಶ್ಯ: ಗೋಡೆ ತುಂಬ ತೂಗುಹಾಕಿದ ಪದಕಗಳು, ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟುಗಳು.]

ಸಿಇಟಿಯಲ್ಲಿ ಇದೆ, ರೈಲ್ವೆಯಲ್ಲಿ ಇದೆ, ಪೊಲೀಸ್ ಇಲಾಖೆಯಲ್ಲಿ ಇದೆ, ಸುಳ್ಳಲ್ಲ. ಆದರೆ ಎಲ್ಲ ಸರ್ಟಿಫಿಕೇಟಿಗೂ ಒಂದೇ ತೂಕ ಇರುವುದಿಲ್ಲ. ಆ ಆಟಕ್ಕೆ ಸರ್ಕಾರ ಮಾನ್ಯ ಮಾಡಿದ ಫೆಡರೇಷನ್ ಯಾವುದು, ಮಗು ರಾಜ್ಯದ ಪರವಾಗಿ ಆಡಿದೆಯಾ, ಇದನ್ನೆಲ್ಲ ನೋಡುತ್ತಾರೆ. ಯಾವುದೋ ಕಲ್ಯಾಣ ಮಂಟಪದಲ್ಲಿ ಮ್ಯಾಟ್ ಹಾಸಿ ನಡೆಸುವ 'ನ್ಯಾಷನಲ್ ಚಾಂಪಿಯನ್‌ಶಿಪ್' ಗೊತ್ತಲ್ಲ? ನಮ್ಮ ಸಣ್ಣವನನ್ನು ಅಂಥ ಒಂದಕ್ಕೆ ಕರೆದುಕೊಂಡು ಹೋಗಿದ್ದೆ. ಅವನ ತೂಕದ ಗುಂಪಿನಲ್ಲಿ ಇದ್ದಿದ್ದು ಮೂರೇ ಹುಡುಗರು. ಚಿನ್ನ, ಬೆಳ್ಳಿ, ಕಂಚು. ಸೋತು ಬಂದವನ ಕೊರಳಿಗೆ ಕಂಚು ಹಾಕಿದರು. ಅವನೇ ಗಾಬರಿ, "ಮಮ್ಮಿ, ನಾ ಸೋತೀನಲ್ಲ?" ಅಂತ. ಅವನಿಗಿಂತ ದಡ್ಡಿ ನಾನು, ವಾಟ್ಸಾಪ್ ಸ್ಟೇಟಸ್ ಹಾಕಿದೆ. ನಮ್ಮೂರು ಗುಮ್ಮಟದ ಊರು ನೋಡಿ. ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತದೆ. ಸಂಜೆಯಷ್ಟರಲ್ಲಿ ಸಿಂದಗಿ, ಇಂಡಿಯಿಂದಲೂ ಫೋನ್ ಬಂತು. "ಹುಡುಗ ನ್ಯಾಷನಲ್ ಹೊಡೆದನಂತಲ್ರೀ!"

ಅದಕ್ಕೆ ಹೋಲಿಸಿದರೆ ಶಾಲೆಯ ಕ್ರೀಡಾಕೂಟದ ದಾರಿ ನೋಡಿ. ಕ್ಲಸ್ಟರ್, ತಾಲೂಕು, ಜಿಲ್ಲೆ, ಆಮೇಲೆ ವಿಭಾಗ, ಆಮೇಲೆ ರಾಜ್ಯ. ವಿಜಯಪುರದ ಮಗು ವಿಭಾಗಕ್ಕೆ ಹೋಯಿತು ಅಂದರೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡದ ಮಕ್ಕಳ ಜೊತೆ ಆಡಬೇಕು. ಬಿಸಿಲಿನಲ್ಲಿ ಕಾಯಬೇಕು, ಊಟ ತಡ, ವ್ಯವಸ್ಥೆ ಅಷ್ಟಕ್ಕಷ್ಟೇ. ಆದರೆ ಗೆದ್ದವರು ಮಾತ್ರ ಮುಂದಿನ ಊರಿಗೆ ಹೋಗುತ್ತಾರೆ. ಖಾಸಗಿ ಟೂರ್ನಮೆಂಟ್‌ನಲ್ಲಿ ಫೀ ಕಟ್ಟಿದರೆ ಸಾಕು, ಎಷ್ಟು ದೂರ ಬೇಕಾದರೂ ಹೋಗಬಹುದು. ಈ ಎರಡು ಪ್ರಯಾಣಕ್ಕೂ ಬಹಳ ವ್ಯತ್ಯಾಸ ಇದೆ.

"ಹಾಗಂತ ಊರಲ್ಲೇ ಕೂತರೆ ರಾಜೇಶ್ವರಿ ಗಾಯಕವಾಡ ಆಗ್ತಾರೇನ್ರೀ?" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ನಮ್ಮ ವಿಜಯಪುರದ ಹೆಮ್ಮೆ ಆಕೆ, ಭಾರತಕ್ಕೆ ಆಡಿದ ಕ್ರಿಕೆಟ್ ಬೌಲರ್. 2017ರ ವಿಶ್ವಕಪ್‌ನಲ್ಲಿ, ಇಂಗ್ಲೆಂಡಿನ ಡರ್ಬಿಯಲ್ಲಿ, ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಆ ದಿನ ನಮ್ಮ ಓಣಿಯಲ್ಲಿ ಕ್ರಿಕೆಟ್ ಗೊತ್ತಿಲ್ಲದವರೂ ಟಿವಿ ಮುಂದೆ ಇದ್ದರು. ಆಗ ಆಕೆಗೆ 26 ವರ್ಷ. ಮಗು ಆಟ ಬಿಡದೆ ಅಷ್ಟು ವರ್ಷ ಉಳಿಯಬೇಕು ನೋಡಿ, ನನಗೆ ದೊಡ್ಡದು ಅನ್ನಿಸುವುದು ಅದು. ಹತ್ತನೇ ವಯಸ್ಸಿಗೇ ಬೇಸತ್ತು ಬ್ಯಾಟು ಮೂಲೆಗಿಟ್ಟರೆ ಕಪಾಟಿನಲ್ಲಿರುವ ಟ್ರೋಫಿ ಏನು ಮಾಡುತ್ತದೆ?

[ದೃಶ್ಯ: ಮಗುವಿನ ಹಿಮ್ಮಡಿಗೆ ಐಸ್ ಹಿಡಿದ ಕೈ.]

ಬೇಸರಕ್ಕಿಂತ ಮುಂಚೆ ನೋವು ಬರುತ್ತದೆ. ಮಕ್ಕಳ ಮೂಳೆಯ ತುದಿಯಲ್ಲಿ ಬೆಳೆಯುವ ಮೆತ್ತಗಿನ ಭಾಗ ಇರುತ್ತದೆ. ಅದೇ ಓಟ, ಅದೇ ಜಿಗಿತ, ದಿನಾ ದಿನಾ ಮಾಡಿದರೆ ಅಲ್ಲಿ ಎಳೆದು ನೋಯುತ್ತದೆ. ಹಿಮ್ಮಡಿಯಲ್ಲಿ, ಮೊಣಕಾಲಿನ ಚಿಪ್ಪಿನ ಕೆಳಗೆ ಜಾಸ್ತಿ. ನನ್ನ ಮಗಳು ಬೆಳಿಗ್ಗೆ ಎದ್ದು ಬಚ್ಚಲಿಗೆ ತುದಿಗಾಲಲ್ಲಿ ಹೋಗುತ್ತಿದ್ದಳು. ಆಟ ಮಾಡುತ್ತಿದ್ದಾಳೆ ಅಂದುಕೊಂಡು ನಾನು ಬೈದೆ. ಮೂರು ವಾರ ಆದ ಮೇಲೆ ಡಾಕ್ಟರ್ ಹತ್ತಿರ ಹೋದಾಗ ಗೊತ್ತಾಯಿತು, ಹಿಮ್ಮಡಿ ಊರಲಿಕ್ಕೇ ಆಗುತ್ತಿರಲಿಲ್ಲ ಅಂತ. ಆ ಮೂರು ವಾರದಲ್ಲಿ ಹುಬ್ಬಳ್ಳಿಗೆ ಒಂದು ಟೂರ್ನಮೆಂಟ್‌ಗೂ ಹೋಗಿ ಬಂದಿದ್ದೆವು. ಫೀ ಕಟ್ಟಿಯಾಗಿತ್ತು, ಅದಕ್ಕೆ.

ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲಿ ಕೊಟ್ಟ ಸಲಹೆ ಹೀಗಿದೆ: ಹೆಚ್ಚಿನ ಆಟಗಳಲ್ಲಿ 15-16 ವರ್ಷ ಆಗುವ ತನಕ ಒಂದೇ ಆಟಕ್ಕೆ ಅಂಟಿಸಬೇಡಿ. ವಾರಕ್ಕೆ ಒಂದೆರಡು ದಿನ ರಜೆ ಇರಲಿ. ತಾನು ಆಡುವ ಆಟದಿಂದ ವರ್ಷಕ್ಕೆ ಒಟ್ಟು ಮೂರು ತಿಂಗಳು ಬಿಡುವು ಇರಲಿ, ಒಂದೊಂದು ತಿಂಗಳ ಕಂತಿನಲ್ಲಾದರೂ ಸರಿ. ಗಾಯಗಳ ಬಗ್ಗೆ ಅಧ್ಯಯನ ಮಾಡಿದ ವೈದ್ಯರು ಒಂದು ಸುಲಭದ ಅಳತೆಯನ್ನೂ ಹೇಳುತ್ತಾರೆ. ಮಗುವಿನ ವಯಸ್ಸು ಎಷ್ಟೋ, ವಾರದ ತರಬೇತಿ ಅಷ್ಟು ತಾಸು ದಾಟಬಾರದು. ಹತ್ತು ವರ್ಷದ ಮಗುವಿಗೆ ವಾರಕ್ಕೆ ಹತ್ತು ತಾಸು. ನಮ್ಮದು ಆಗ ಹದಿನಾಲ್ಕು ತಾಸು ನಡೆಯುತ್ತಿತ್ತು.

ಮನೆಯ ಉಳಿದವರ ಬಗ್ಗೆಯೂ ಒಂದು ಮಾತು. ನಾನು ಮಗಳ ಜೊತೆ ರೈಲಿನಲ್ಲಿ ಇದ್ದಾಗ ನಮ್ಮ ಸಣ್ಣವನ ಶಾಲೆಯಲ್ಲಿ ಗ್ಯಾದರಿಂಗ್ ಇತ್ತು. ಅವನು ಮರದ ವೇಷ ಹಾಕಿದ್ದ. ಮಾತಿಲ್ಲದ ಪಾರ್ಟು, ಸುಮ್ನೆ ನಿಲ್ಲುವುದು. ಅತ್ತೆಯವರು ಹೋಗಿದ್ದರು. ಫೋಟೋ ತೆಗೆಯಲು ಬರದೆ ಬರೀ ಸ್ಟೇಜಿನ ಪರದೆ ತೆಗೆದಿದ್ದರು. ಅದೊಂದು ಫೋಟೋ ಇನ್ನೂ ನನ್ನ ಫೋನಿನಲ್ಲಿ ಇದೆ.

ಇಷ್ಟು ಹೇಳಿ, ಪ್ರಯಾಣದಿಂದ ಏನೂ ಸಿಗಲಿಲ್ಲ ಅಂದರೆ ಅದೂ ಸುಳ್ಳಾಗುತ್ತದೆ.

[ದೃಶ್ಯ: ಸ್ಲೀಪರ್ ಕೋಚ್. ಮೇಲಿನ ಬರ್ತ್‌ನಿಂದ ಇಳಿಬಿದ್ದ ಜಡೆ.]

ಅವಳು ಮೇಲಿನ ಬರ್ತ್ ಹತ್ತಲು ಕಲಿತಳು. ತನ್ನ ಬ್ಯಾಗ್ ತಾನೇ ಕಟ್ಟುತ್ತಾಳೆ. ಹಾವೇರಿಯ ಒಬ್ಬ ಹುಡುಗಿ ಗೆಳತಿಯಾದಳು. ಇಬ್ಬರೂ ಸೋತು ಗ್ಯಾಲರಿಯಲ್ಲಿ ಕೂತು ಒಂದೇ ಡಬ್ಬಿಯಲ್ಲಿ ಅವಲಕ್ಕಿ ತಿಂದಿದ್ದೇ ಪರಿಚಯ. ಮನೆಯಲ್ಲಿ ಒಂದು ಮಾತಿಗೆ ಅರ್ಧ ಮಾತು ಆಡುವವಳು ರೈಲಿನಲ್ಲಿ ದೀಪ ಆರಿಸಿದ ಮೇಲೆ ಗದಗ ದಾಟುವ ತನಕ ಮಾತಾಡಿದಳು. ಕ್ಲಾಸಿನಲ್ಲಿ ಯಾರು ಕಾಡಿಸುತ್ತಾರೆ ಅಂತ ನನಗೆ ಗೊತ್ತಾಗಿದ್ದು ಆ ರಾತ್ರಿ. ಇದಕ್ಕೆ ಬೆಂಗಳೂರಿಗೇ ಹೋಗಬೇಕಿತ್ತಾ? ಬಾಗಲಕೋಟೆಗೆ ಹೋಗುವ ದಾರಿಯಲ್ಲಿ, ಕೊಲ್ಹಾರ ಸೇತುವೆ ಮೇಲೂ ಮಾತು ಬರುತ್ತಿತ್ತೇನೋ. ಗೊತ್ತಿಲ್ಲ.

ಇನ್ನು ನಾನು ಈಗ ಏನು ಮಾಡುತ್ತಿದ್ದೇನೆ ಅಂತ ಹೇಳುತ್ತೇನೆ. ಈ ದಾರಿ ತೋರಿಸಿದ್ದು ನಮ್ಮೂರಿನ ಸೈಕಲ್ ಹುಡುಗರು.

[ದೃಶ್ಯ: ಬೆಳಗಿನ ಐದೂವರೆ. ಸೊಲ್ಲಾಪುರ ರಸ್ತೆಯ ಅಂಚಿನಲ್ಲಿ ಬೆನ್ನು ಬಾಗಿಸಿ ಸಾಲಾಗಿ ಹೋಗುವ ಸೈಕಲ್‌ಗಳು.]

ವಿಜಯಪುರ, ಬಾಗಲಕೋಟೆ, ಚಂದರಗಿ ಕಡೆಯ ಮಕ್ಕಳು ಸೈಕ್ಲಿಂಗ್‌ನಲ್ಲಿ ಹೆಸರು ಮಾಡಿದವರು. ಅವರಿಗೆ ಚಿಕ್ಕ ವಯಸ್ಸಿನಲ್ಲಿ ದೂರ ಹೋಗುವ ಗರಜೇ ಇಲ್ಲ. ಗಟ್ಟಿ ಎದುರಾಳಿ ಪಕ್ಕದ ಓಣಿಯಲ್ಲೇ ಇದ್ದಾನೆ. ದಿನಾ ಬೆಳಿಗ್ಗೆ ಅವನ ಹಿಂದಿನ ಗಾಲಿ ನೋಡುತ್ತಾ ಪೆಡಲ್ ತುಳಿದು, ಒಂದು ದಿನ ಅವನನ್ನು ಹಿಂದೆ ಹಾಕಿ, ಆಮೇಲೆ ಗಾಲಿ ಬಿಚ್ಚಿ ಚಾದರದಲ್ಲಿ ಸುತ್ತಿಕೊಂಡು ರೈಲು ಹತ್ತುತ್ತಾರೆ. ಆಗ ಆ ಪ್ರಯಾಣಕ್ಕೆ ಅರ್ಥ ಬರುತ್ತದೆ. ಊರಲ್ಲಿ ಸೋಲಿಸುವವರು ಇನ್ನೂ ಇರುವಾಗ, ಸೋಲಲಿಕ್ಕೆ ಐದುನೂರು ಕಿಲೋಮೀಟರ್ ಯಾಕೆ ಹೋಗಬೇಕು?

ಈಗ ನಮ್ಮ ಮನೆಯಲ್ಲಿ ಅದೇ ಲೆಕ್ಕ. ಮಗಳಿಗೆ ಹನ್ನೆರಡು. ಹಾಲ್‌ನಲ್ಲಿ ಅವಳನ್ನು ಸೋಲಿಸುವ ಒಬ್ಬ ಅಕ್ಕ ಇದ್ದಾಳೆ, ಒಂಬತ್ತನೇ ಕ್ಲಾಸು. ಮೊದಲು ಆ ಅಕ್ಕ. ಆಮೇಲೆ ಬಾಗಲಕೋಟೆ, ಸೊಲ್ಲಾಪುರ, ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರುವಷ್ಟು ದೂರ. ಬೆಂಗಳೂರು ಆಮೇಲೆ ನೋಡೋಣ. ಬುಧವಾರ ಆಟ ಇಲ್ಲ. ಬೇಸಿಗೆಯಲ್ಲಿ ಒಂದು ತಿಂಗಳು ರಾಕೆಟ್ ಅಟ್ಟದ ಮೇಲೆ. ಆಗ ಅವಳು ಈಜಲು ಹೋಗುತ್ತಾಳೆ, ಇಲ್ಲ ಅಂದರೆ ತಮ್ಮನ ಜೊತೆ ಅಂಗಳದಲ್ಲಿ ಕುಂಟಾಬಿಲ್ಲೆ. ಕೋಚ್ ಸರ್‌ಗೆ ಇದು ಅಷ್ಟು ಇಷ್ಟವಿಲ್ಲ. "ಹಿಂದ ಬೀಳ್ತಾಳ್ರೀ ಮೇಡಂ" ಅಂತಾರೆ. ಇರಬಹುದು.

[ದೃಶ್ಯ: ಹಾಲ್‌ನ ಹೊರಗೆ, ಸಂಜೆ. ಸ್ಕೂಟಿ ಸ್ಟಾರ್ಟ್ ಆಗುವ ಸದ್ದು.]

ಹೋದ ಭಾನುವಾರ ಆ ಅಕ್ಕನ ಜೊತೆ ಮತ್ತೆ ಆಡಿದಳು. ನಾನು ಲೆಕ್ಕ ಇಟ್ಟಿಲ್ಲ, ಅವಳು ಇಟ್ಟಿದ್ದಾಳೆ. ಇದು ಹನ್ನೆರಡನೇ ಸೋಲಂತೆ. ಕೊನೆಯ ಗೇಮ್ 21-19. ಸ್ಕೂಟಿಯ ಹಿಂದೆ ಕೂತು ಗಾಂಧಿ ಚೌಕ ಬರುವ ತನಕ ಬಾಯಿ ಬಿಡಲಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ನನ್ನ ಬೆನ್ನಿಗೆ ಬೆರಳಿನಿಂದ ತಿವಿದಳು.

"ಮಮ್ಮಿ, ಎರಡs ಪಾಯಿಂಟ್ ಉಳದಾವು."