ಗಾಳಿ ಟ್ಯಾಂಕಿನೊಳಗಿನ ನೀರು

ಕೇಳುಗರಿಗೆ ನಮಸ್ಕಾರ.

ಮೈಸೂರಿನಿಂದ ಮಂಡ್ಯದ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಪಂಕ್ಚರ್ ಅಂಗಡಿಗಳು. ಅಂಗಡಿಗೊಂದು ಕರೆಂಟಿನ ಏರ್ ಕಂಪ್ರೆಸರ್. ಹೆಬ್ಬಾಳ, ಮೇಟಗಳ್ಳಿ ಕಡೆಯ ಸಣ್ಣ ವರ್ಕ್‌ಶಾಪುಗಳಲ್ಲಿ, ಮರಗೆಲಸದ ಶೆಡ್ಡುಗಳಲ್ಲಿ, ಕಾರಿಗೆ ಬಣ್ಣ ಹೊಡೆಯುವ ಜಾಗದಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲೂ ಅದೇ ಯಂತ್ರ. ಮಂಡ್ಯ ಜಿಲ್ಲೆಯ ಅಕ್ಕಿ ಗಿರಣಿಗಳಲ್ಲಿ ಬಣ್ಣಗೆಟ್ಟ ಕಾಳು ಬೇರೆ ಮಾಡುವ ಸಾರ್ಟೆಕ್ಸ್ ಯಂತ್ರವೂ ಇದರ ಗಾಳಿಯನ್ನೇ ನಂಬಿಕೊಂಡಿದೆ. ಕ್ಯಾಮೆರಾ ಗುರುತಿಸಿದ ಕಪ್ಪು ಕಾಳಿಗೆ ಗಾಳಿ ಒಂದು ಸಣ್ಣ ಏಟು ಕೊಟ್ಟು ಆಚೆ ತಳ್ಳುತ್ತದೆ.

ಇಷ್ಟೆಲ್ಲ ದುಡಿಯುವ ಯಂತ್ರದ ಮೇಲೆ ನಮ್ಮ ಗಮನ ಮಾತ್ರ ಬಹಳ ಕಡಿಮೆ. ಮೋಟರು ತಿರುಗಿದರೆ ಆಯಿತು, ಗಾಳಿ ಬಂದರೆ ಆಯಿತು. ಇವತ್ತು ನಾನು ಹೆಚ್ಚಾಗಿ ಮಾತಾಡಬೇಕೆಂದಿರುವುದು ಆ ಮೋಟರಿನ ಕೆಳಗಿರುವ ಟ್ಯಾಂಕಿನ ಬಗ್ಗೆ, ಅದರೊಳಗೆ ಯಾರ ಕಣ್ಣಿಗೂ ಬೀಳದೆ ಸೇರಿಕೊಳ್ಳುವ ನೀರಿನ ಬಗ್ಗೆ.

ಗಾಳಿ ತುಂಬಿದ ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತದೆ? ಗಾಳಿಯಿಂದಲೇ. ನಮ್ಮ ಮಳೆಗಾಲದಲ್ಲಿ, ತೇವ ಜಾಸ್ತಿ ಇರುವ ದಿನ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ನೀರಾವಿ ಇರುತ್ತದೆ. ಆ ಗಾಳಿಯನ್ನು 8 ಕೇಜಿ ಒತ್ತಡಕ್ಕೆ, ಅಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 8 ಕೇಜಿ ಭಾರ ಬೀಳುವಷ್ಟು, ಒತ್ತಿದರೆ ಅದು ಒಂಬತ್ತರಲ್ಲಿ ಒಂದು ಪಾಲು ಜಾಗಕ್ಕೆ ಇಳಿಯುತ್ತದೆ. ಟ್ಯಾಂಕಿನಲ್ಲಿ ತಣ್ಣಗಾದ ಮೇಲೆ ಅಷ್ಟು ಸಣ್ಣ ಜಾಗ ಎರಡೂವರೆ ಗ್ರಾಂ ಆವಿಯನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು. ಉಳಿದ 15 ಗ್ರಾಂನಷ್ಟು ನೀರಾಗಿ ತಳಕ್ಕೆ ಇಳಿಯುತ್ತದೆ. ಎರಡು ಎಚ್‌ಪಿಯ ಸಾಮಾನ್ಯ ಕಂಪ್ರೆಸರ್ ಗಂಟೆಗೆ ಹೆಚ್ಚುಕಡಿಮೆ 12 ಘನ ಮೀಟರ್ ಗಾಳಿ ಎಳೆಯುತ್ತದೆ. ದಿನಕ್ಕೆ ಒಟ್ಟು ಮೂರು ಗಂಟೆ ಓಡಿದರೂ ಅರ್ಧ ಲೀಟರಿನವರೆಗೆ ನೀರು ಸೇರಬಹುದು. ವಾರಗಟ್ಟಲೆ ಡ್ರೈನ್ ಕಾಕ್ ತೆರೆಯದಿದ್ದರೆ ಒಳಗೆ ಏನಾಗಿರುತ್ತದೆ, ನೀವೇ ಲೆಕ್ಕ ಹಾಕಿ.

ಡ್ರೈನ್ ಕಾಕ್ ಎಂದರೆ ಟ್ಯಾಂಕಿನ ಹೊಟ್ಟೆಯ ಕೆಳಗಿರುವ ಪುಟ್ಟ ತಿರುಪು. ಅದನ್ನು ದಿನಾ ಸಂಜೆ ತೆರೆಯಬೇಕು. ಕರೆಂಟು ಆಫ್ ಮಾಡಿ, ಒತ್ತಡವನ್ನು ಒಂದೆರಡು ಕೇಜಿಗೆ ಇಳಿಸಿ, ಮುಖ ಆ ಕಡೆ ತಿರುಗಿಸಿ, ಮೆಲ್ಲಗೆ ತೆರೆಯಿರಿ. ಮೊದಲು ನೀರು ಚಿಮ್ಮುತ್ತದೆ, ಆಮೇಲೆ ನೀರು ಗಾಳಿ ಎರಡೂ ಸೇರಿ ಬುಸುಗುಡುತ್ತದೆ, ಕೊನೆಗೆ ಬರೀ ಗಾಳಿ. ಬಂದ ನೀರನ್ನು ಒಂದು ಡಬ್ಬದಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ಒಳ್ಳೆಯದು. ಹಾಲಿನಂತೆ ಬೆಳ್ಳಗಿದ್ದರೆ ಗಾಳಿ ಒತ್ತುವ ಪಂಪಿನ ಎಣ್ಣೆ ಗಾಳಿಯ ಜೊತೆ ದಾಟಿ ಬರುತ್ತಿದೆ. ಕಂದು ಬಣ್ಣಕ್ಕೆ ತಿರುಗಿ, ತಳದಲ್ಲಿ ಪುಡಿ ಕೂತರೆ ಟ್ಯಾಂಕಿನ ಕಬ್ಬಿಣವೇ ಕರಗಿ ಬರುತ್ತಿದೆ ಎಂದು ತಿಳಿಯಿರಿ. ಈ ಕಾಕ್ ಕೈಗೆ ಸಿಗದ ಜಾಗದಲ್ಲಿರುವುದೇ ಎಷ್ಟೋ ಕಡೆ ಅದನ್ನು ತೆರೆಯದಿರಲು ಕಾರಣ. ಒತ್ತಡ ತಡೆಯುವ ಒಂದು ಗೇಣು ಪೈಪು, ತುದಿಗೊಂದು ಬಾಲ್ ವಾಲ್ವ್ ಹಾಕಿಸಿ ಪಕ್ಕಕ್ಕೆ ತಂದುಕೊಂಡರೆ ಬಗ್ಗುವ ಕಷ್ಟವೇ ಇರುವುದಿಲ್ಲ.

ತುಕ್ಕಿನ ವಿಷಯವನ್ನು ನಾನು ಯಾಕಿಷ್ಟು ಒತ್ತಿ ಹೇಳುತ್ತೇನೆಂದರೆ, ಟ್ಯಾಂಕು ಒಳಗಿನಿಂದ ಸವೆಯುತ್ತದೆ. ಹೊರಗೆ ಬಣ್ಣ ಥಳಥಳ ಅನ್ನುತ್ತಿರುತ್ತದೆ, ಒಳಗೆ ನೀರು ನಿಂತ ತಳಭಾಗದಲ್ಲಿ ತಗಡು ತೆಳ್ಳಗಾಗುತ್ತಾ ಹೋಗುತ್ತದೆ. 40 ಸೆಂಟಿಮೀಟರ್ ಅಗಲದ ಟ್ಯಾಂಕಿನಲ್ಲಿ 8 ಕೇಜಿ ಒತ್ತಡ ಇದ್ದರೆ ಅದರ ಒಂದು ಮುಚ್ಚಳದ ಮೇಲೆ ಬೀಳುವ ಬಲ ಸುಮಾರು 10 ಟನ್, ಒಂದು ಲಾರಿ ಕಬ್ಬಿನ ಭಾರ. ಆ ಭಾರವನ್ನು ತೆಳ್ಳಗಾದ ತಗಡು ಹೊತ್ತು ನಿಂತಿರುತ್ತದೆ, ಅದರ ಪಕ್ಕದಲ್ಲೇ ಹುಡುಗನೊಬ್ಬ ಕೂತು ಟ್ಯೂಬಿಗೆ ಪ್ಯಾಚ್ ಹಾಕುತ್ತಿರುತ್ತಾನೆ.

ಟ್ಯಾಂಕಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಗಾಳಿ ಸೋರಿದರೆ ನಮ್ಮ ಕಡೆ ಕೇಳುವ ಮಾತು ಒಂದೇ: "ಬುಡಣ್ಣ, ಒಂದು ವೆಲ್ಡಿಂಗ್ ಹೊಡ್ಸುದ್ರೆ ಸರೋಯ್ತದೆ." ದಯವಿಟ್ಟು ಹಾಗೆ ಮಾಡಬೇಡಿ. ಒಂದು ಕಡೆ ತೂತಾಗಿದೆ ಎಂದರೆ ಸುತ್ತಲಿನ ತಗಡೂ ಸವೆದಿದೆ ಎಂದೇ ಅರ್ಥ. ಅದರ ಮೇಲೆ ಬೆಸುಗೆಯ ಶಾಖ ಬಿದ್ದರೆ ಇನ್ನಷ್ಟು ದುರ್ಬಲವಾಗುತ್ತದೆ. ಅಂಥ ಟ್ಯಾಂಕು ಗುಜರಿಗೆ ಹೋಗಬೇಕು, ಅದೂ ಬೇರೆ ಯಾರೂ ಬಳಸದಂತೆ ದೊಡ್ಡ ತೂತು ಕೊರೆದು. ಅನುಮಾನ ಬಂದ ಟ್ಯಾಂಕನ್ನು ಹೈಡ್ರೋ ಟೆಸ್ಟ್ ಮಾಡಿಸಿ. ಗಾಳಿಯ ಬದಲು ನೀರು ತುಂಬಿಸಿ, ಕೆಲಸದ ಒತ್ತಡಕ್ಕಿಂತ ಹೆಚ್ಚಿಗೆ ಏರಿಸಿ ನೋಡುವ ಪರೀಕ್ಷೆ ಇದು. ನೀರು ಕುಗ್ಗುವುದಿಲ್ಲವಾದ್ದರಿಂದ ಟ್ಯಾಂಕು ಬಿಟ್ಟುಕೊಂಡರೂ ಗಾಳಿಯಂತೆ ಸಿಡಿಯುವುದಿಲ್ಲ. ಒತ್ತಡದ ಉಪಕರಣ ತನ್ನ ಸುರಕ್ಷಿತ ಮಿತಿ ಮೀರದಂತೆ ನೋಡಿಕೊಳ್ಳಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 31ನೇ ಕಲಮಿನಲ್ಲೇ ಇತ್ತು. ರಸ್ತೆ ಬದಿಯ ಅಂಗಡಿ ಕಾರ್ಖಾನೆ ಅಲ್ಲದಿರಬಹುದು, ಆದರೆ ಒತ್ತಡ ಎರಡು ಕಡೆಯೂ ಒಂದೇ.

ಇನ್ನು ಸೇಫ್ಟಿ ವಾಲ್ವ್, ಒತ್ತಡ ಮಿತಿ ಮೀರಿದರೆ ತಾನೇ ತೆರೆದು ಗಾಳಿ ಹೊರಬಿಡುವ ವಾಲ್ವ್. ಟ್ಯಾಂಕು ತುಂಬಿದಾಗ ಮೋಟರನ್ನು ನಿಲ್ಲಿಸುವ ಪ್ರೆಶರ್ ಸ್ವಿಚ್ ಕೆಟ್ಟು ಮೋಟರು ನಿಲ್ಲದೇ ಹೋದರೆ ಜೀವ ಉಳಿಸುವುದು ಈ ಹಿತ್ತಾಳೆಯ ವಾಲ್ವೇ. ಟ್ಯಾಂಕಿನಲ್ಲಿ ಒತ್ತಡ ಇರುವಾಗ ಆಗಾಗ ಅದರ ಉಂಗುರ ಎಳೆದು ನೋಡಿ. ಗಾಳಿ ಹೊರಟು, ಬಿಟ್ಟ ಕೂಡಲೇ ನಿಲ್ಲಬೇಕು. ಸೋರುತ್ತದೆಂದು ಅದನ್ನು ತೆಗೆದು ಬೋಲ್ಟು ಜಡಿದಿರುವುದನ್ನು ಕಂಡಾಗ ಮೈ ಜುಂ ಅನ್ನುತ್ತದೆ. ಹಾಗೆಯೇ ಲಾರಿ ಟೈರಿಗೆ ನೂರು ಪಿಎಸ್‌ಐ ದಾಟಬೇಕೆಂದು ಪ್ರೆಶರ್ ಸ್ವಿಚ್ಚಿನ ಸ್ಕ್ರೂ ತಿರುಗಿಸಿ ಮಿತಿ ಏರಿಸುವುದೂ ತಪ್ಪು. ಪಿಎಸ್‌ಐ ಎಂದರೆ ಒಂದು ಚದರ ಇಂಚಿನ ಮೇಲೆ ಬೀಳುವ ಪೌಂಡ್ ಲೆಕ್ಕದ ಒತ್ತಡ; 8 ಕೇಜಿ ಎಂದರೆ ಹತ್ತಿರಹತ್ತಿರ 114 ಪಿಎಸ್‌ಐ. ಟ್ಯಾಂಕಿನ ನೇಮ್‌ಪ್ಲೇಟಿನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಅದರ ಶಕ್ತಿ.

ಪಂಪಿನ ಎಣ್ಣೆಯನ್ನು, ಅದರ ಮಟ್ಟ ತೋರಿಸುವ ಗಾಜಿನ ಕಣ್ಣಿನ ಕೆಂಪು ಚುಕ್ಕಿಯವರೆಗೆ ಇಡಿ, ಕಂಪ್ರೆಸರ್ ಎಣ್ಣೆಯನ್ನೇ ಹಾಕಿ. ಬೈಕಿನ ಎಂಜಿನ್ ಆಯಿಲ್ ಬೇಡ. ಏರ್ ಫಿಲ್ಟರನ್ನು ವಾರಕ್ಕೊಮ್ಮೆ ಬಿಚ್ಚಿ ಕೊಡವಿ. ಆಲೆಮನೆಯ ಹತ್ತಿರವೋ ಮರದ ಪುಡಿ ಹಾರುವ ಕಡೆಯೋ ಇದ್ದರೆ ಇನ್ನೂ ಬೇಗ. ಬೆಲ್ಟಿನ ಮೇಲಿನ ಜಾಲರಿಯನ್ನು ಯಾವ ಕಾರಣಕ್ಕೂ ತೆಗೆದಿಡಬೇಡಿ.

ಕರೆಂಟಿನ ವಿಷಯಕ್ಕೆ ಬಂದರೆ, ಮೋಟರು ಎಷ್ಟೋ ಸಲ ಸುಡುವುದು ವೋಲ್ಟೇಜು ಕಡಿಮೆಯಾಗಿ. ಸಣ್ಣ ವೈರಿನ ಉದ್ದನೆಯ ಎಕ್ಸ್‌ಟೆನ್ಷನ್ ಹಾಕಿದರೆ ದಾರಿಯಲ್ಲೇ ವೋಲ್ಟೇಜು ಇಳಿಯುತ್ತದೆ, ಮೋಟರು ಗುಂಯ್ ಎಂದು ನಿಂತು ಬಿಸಿಯಾಗುತ್ತದೆ. ದೂರಕ್ಕೆ ಬೇಕಾದರೆ ವೈರು ಉದ್ದ ಮಾಡುವ ಬದಲು ಗಾಳಿಯ ಹೋಸ್ ಉದ್ದ ಮಾಡಿ. ಮೋಟರು ನಿಂತಾಗ ಪ್ರೆಶರ್ ಸ್ವಿಚ್ಚಿನ ಹತ್ತಿರ ಟುಸ್ ಎಂಬ ಸದ್ದು ಬರಬೇಕು. ಪಂಪಿನ ತಲೆಯಲ್ಲಿ ಉಳಿದ ಗಾಳಿ ಹೊರಹೋಗುವ ಸದ್ದು ಅದು. ಅದು ಬರದಿದ್ದರೆ ಮುಂದಿನ ಸಲ ಮೋಟರು ಭಾರ ಹೊತ್ತುಕೊಂಡೇ ಏಳಬೇಕು, ವೈಂಡಿಂಗ್ ಹೋಗುತ್ತದೆ. ತ್ರೀ ಫೇಸ್ ಇದ್ದವರು ಸಿಂಗಲ್ ಫೇಸಿಂಗ್, ಅಂದರೆ ಒಂದು ಫೇಸ್ ಹೋದರೂ ಮೋಟರು ಉಳಿದೆರಡರಲ್ಲೇ ಓಡುವುದನ್ನು ತಡೆಯುವ ರಿಲೇ ಹಾಕಿಸಿ. ಅರ್ಥಿಂಗ್ ಇಲ್ಲದೆ ಪ್ಲಗ್ ಹಾಕಬೇಡಿ, ಒದ್ದೆ ನೆಲದಲ್ಲಂತೂ ಬೇಡವೇ ಬೇಡ.

ಒಂದು ಮಾತು ಹುಡುಗರಿಗೆ. ಬಟ್ಟೆಯ ಧೂಳು ಹೊಡೆಯಲು, ತಮಾಷೆಗೆ, ಗಾಳಿಯ ಪೈಪನ್ನು ಮೈಗೆ ಹಿಡಿಯಬೇಡಿ. 2024ರಲ್ಲಿ ಬೆಂಗಳೂರಿನ ಒಂದು ವಾಹನ ಸರ್ವೀಸ್ ಕೇಂದ್ರದಲ್ಲಿ ಇಂಥ ಚೇಷ್ಟೆಗೆ ಒಬ್ಬ ಯುವಕ ಕರುಳು ಹರಿದು ಪ್ರಾಣ ಕಳೆದುಕೊಂಡ.

ಕೆಲವರಿಗೆ ಯಂತ್ರ ವರ್ಷವಿಡೀ ಬೇಕಾಗುವುದಿಲ್ಲ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಮೊದಲು ಪ್ಲಗ್ ಕಿತ್ತು, ಗೇಜಿನ ಮುಳ್ಳು ಸೊನ್ನೆಗೆ ಬರುವವರೆಗೆ ಗಾಳಿ ಖಾಲಿ ಮಾಡಿ, ನೀರು ತೆಗೆದು, ಡ್ರೈನ್ ಕಾಕನ್ನು ತೆರೆದೇ ಬಿಡಿ. ಒಳಗಿನ ತೇವ ಆರಬೇಕು. ಬೆಲ್ಟನ್ನು ಸಡಿಲಿಸಿ. ಹೋಸನ್ನು ಮಡಚದೆ ಸುರುಳಿ ಸುತ್ತಿ ನೆರಳಿನಲ್ಲಿ ತೂಗುಹಾಕಿ. ಯಂತ್ರವನ್ನು ಮಣ್ಣಿನ ನೆಲದ ಮೇಲಿಡದೆ ಮರದ ಹಲಗೆಯ ಮೇಲೆ, ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಎಣ್ಣೆ ಸಿಲಿಂಡರಿಗೆ ಇಳಿಯುತ್ತದೆ. ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಕಟ್ಟಬೇಡಿ, ಬೆವರು ಕಟ್ಟಿ ತುಕ್ಕು ಹಿಡಿಯುತ್ತದೆ. ಹಳೆಯ ಹತ್ತಿ ಬಟ್ಟೆ ಸಾಕು. ಥಿನ್ನರ್, ಪೇಂಟು ಇಟ್ಟ ಕೋಣೆಯಲ್ಲಿ ಇದನ್ನು ಇಡಬೇಡಿ. ಪ್ರೆಶರ್ ಸ್ವಿಚ್ಚಿನ ಒಂದು ಕಿಡಿ ಸಾಕು ಬೆಂಕಿ ಹತ್ತಲು.

ಮತ್ತೆ ಹೊರತೆಗೆದ ದಿನ ಸೀದಾ ಸ್ವಿಚ್ ಒತ್ತಬೇಡಿ. ಕಬ್ಬಿನ ಗದ್ದೆಯ ಪಕ್ಕದ ಶೆಡ್ಡಾದರೆ ಬೆಲ್ಟಿನ ಜಾಲರಿಯೊಳಗೆ ಇಲಿ ಗೂಡು ಕಟ್ಟಿರಬಹುದು, ವೈರು ಕಡಿದಿರಬಹುದು. ಎಲ್ಲ ನೋಡಿ, ಬೆಲ್ಟು ಬಿಗಿ ಮಾಡಿ, ಪುಲ್ಲಿಯನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ, ಡ್ರೈನ್ ಕಾಕ್ ತೆರೆದಿಟ್ಟೇ ಒಂದೆರಡು ನಿಮಿಷ ಓಡಿಸಿ. ಆಮೇಲೆ ಮುಚ್ಚಿ ಗಾಳಿ ತುಂಬಿಸಿ.

ನವರಾತ್ರಿಯಲ್ಲಿ ಆಯುಧಪೂಜೆಗೆ ನಾವು ಯಂತ್ರ ತೊಳೆದು, ಹೊಸ ಬಣ್ಣ ಬಳಿದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆಯುತ್ತೇವೆ. ಆ ಭಕ್ತಿಯ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಬಣ್ಣ ಬಳಿಯುವ ಮುನ್ನ ಟ್ಯಾಂಕಿನ ತಳ ಉಜ್ಜಿ ತುಕ್ಕು ನೋಡಿ, ನೇಮ್‌ಪ್ಲೇಟಿನ ಮೇಲೆ ಬಣ್ಣ ಬಳಿಯಬೇಡಿ, ಗೇಜಿನ ಗಾಜಿನ ಮೇಲೆ ಅರಿಶಿನ ಕುಂಕುಮ ಹಚ್ಚಬೇಡಿ. ಸೇಫ್ಟಿ ವಾಲ್ವನ್ನು ಅವತ್ತೇ ಪರೀಕ್ಷಿಸಿ, ಆ ದಿನಾಂಕವನ್ನು ಟ್ಯಾಂಕಿನ ಪಕ್ಕದ ಗೋಡೆಯ ಮೇಲೆ ಬರೆದಿಡಿ. ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವವರು ನೇಮ್‌ಪ್ಲೇಟ್ ಇಲ್ಲದ, ತಳದಲ್ಲಿ ಬೆಸುಗೆಯ ಗುರುತಿರುವ ಟ್ಯಾಂಕನ್ನು ಎಷ್ಟು ಅಗ್ಗವಾದರೂ ಮನೆಗೆ ತರಬೇಡಿ. ನಮಸ್ಕಾರ.