ಬೆಕ್ಕಿನ ಶುಗರ್: ಇನ್ಸುಲಿನ್ ಇಳಿಸುವ ದಾರಿ

ಕೇಳುಗರಿಗೆ ನಮಸ್ಕಾರ.

ನಾಯಿಗೆ ಶುಗರ್ ಬಂತು ಅಂದರೆ ಬಹುಮಟ್ಟಿಗೆ ಅದು ಬದುಕಿರುವಷ್ಟು ದಿನವೂ ಇನ್ಸುಲಿನ್ ತಪ್ಪುವುದಿಲ್ಲ. ಬೆಕ್ಕಿನ ಕತೆ ಬೇರೆ. ನಮ್ಮಲ್ಲಿ ನಲವತ್ತು ಐವತ್ತು ದಾಟಿದವರಿಗೆ ಬರುತ್ತದಲ್ಲ, ಟೈಪ್ ಟೂ ಅನ್ನುತ್ತಾರಲ್ಲ, ಬೆಕ್ಕಿಗೆ ಬರುವುದು ಹೆಚ್ಚಾಗಿ ಅದೇ ಜಾತಿಯದು. ಇನ್ಸುಲಿನ್ ಪೂರ್ತಿ ಬತ್ತಿ ಹೋಗಿರುವುದಿಲ್ಲ. ಬೇಗ ಗುರುತಿಸಿ, ಊಟ ಬದಲಿಸಿ, ಹದವಾಗಿ ಇನ್ಸುಲಿನ್ ಕೊಟ್ಟರೆ ಎಷ್ಟೋ ಬೆಕ್ಕುಗಳು ಕೆಲವು ವಾರ ಅಥವಾ ತಿಂಗಳಲ್ಲಿ ಇಂಜೆಕ್ಷನ್ ಬಿಟ್ಟು ಆರಾಮಾಗಿ ಇರುತ್ತವೆ. ಇದಕ್ಕೆ ನಾವು ಡಾಕ್ಟರುಗಳು ರೆಮಿಶನ್ ಅನ್ನುತ್ತೇವೆ. ಇಂಜೆಕ್ಷನ್ ನಿಲ್ಲಿಸಿದ ಮೇಲೂ ಕನಿಷ್ಠ 4 ವಾರ ಶುಗರ್ ಮಾಮೂಲಿ ಮಟ್ಟದಲ್ಲೇ ಇದ್ದರೆ ರೆಮಿಶನ್ ಆಯಿತು ಅಂತ ಲೆಕ್ಕ.

ಇನ್ಸುಲಿನ್ ಶುರು ಮಾಡುವಾಗ ಎಲ್ಲರೂ ಹೆದರುತ್ತಾರೆ. ಹೆದರಿದವರು ಹುಷಾರಾಗಿಯೂ ಇರುತ್ತಾರೆ. ಬೆಕ್ಕು ಚೇತರಿಸಿಕೊಂಡು ಕಿಟಕಿ ಹತ್ತತೊಡಗಿದಾಗ ಮೈಮರೆಯುತ್ತಾರೆ. ಪಶುವೈದ್ಯನಾಗಿ ನನ್ನನ್ನು ಕೇಳಿದರೆ, ಅಪಾಯ ಜಾಸ್ತಿ ಇರುವುದು ಆಗಲೇ. ಅದಕ್ಕೇ ಇವತ್ತು ಇಳಿಯುವ ದಾರಿಯ ಬಗ್ಗೆ ಮಾತಾಡೋಣ.

ಮೊದಲು ಗುರುತುಗಳು. ಬೆಕ್ಕು ನೀರು ಕುಡಿಯುವುದೇ ಕಡಿಮೆ. ಅಂಥದ್ದು ಬಚ್ಚಲಿನ ಬಕೆಟ್ಟಿಗೂ ಬಾಯಿ ಹಾಕತೊಡಗಿದರೆ, ಮಣ್ಣಿನ ಟ್ರೇ ದಿನವೂ ಒದ್ದೆ ಮುದ್ದೆಯಾದರೆ, ಚೆನ್ನಾಗಿ ತಿಂದೂ ಬೆನ್ನುಮೂಳೆ ಕೈಗೆ ಸಿಗುವಷ್ಟು ಇಳಿದರೆ ಅನುಮಾನ ಪಡಿ. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿಯನ್ನೇ ನೆಲಕ್ಕೆ ಊರಿಕೊಂಡು ನಡೆಯುತ್ತವೆ. ಅದು ನರಕ್ಕೆ ತಟ್ಟಿದ್ದರ ಗುರುತು. ಶುಗರ್ ಹತೋಟಿಗೆ ಬಂದರೆ ಬಹಳ ಸಲ ಅದೂ ನಿಧಾನವಾಗಿ ಸರಿಹೋಗುತ್ತದೆ.

ಹೆಚ್ಚಾಗಿ ಇದು ಬರುವುದು ಏಳೆಂಟು ವರ್ಷ ದಾಟಿದ, ಬೀಜ ತೆಗೆಸಿದ, ಮನೆಯೊಳಗೇ ಮಲಗಿ ಮೈ ಬೆಳೆಸಿದ ಗಂಡು ಬೆಕ್ಕುಗಳಿಗೆ. ತುರಿಕೆಗೋ ಬಾಯಿ ಹುಣ್ಣಿಗೋ ಪದೇ ಪದೇ ಸ್ಟೀರಾಯ್ಡ್ ಹಾಕಿಸಿಕೊಂಡವಕ್ಕೂ ಬರುತ್ತದೆ. ಒಂದೇ ಒಂದು ರಕ್ತ ಪರೀಕ್ಷೆ ನೋಡಿ ತೀರ್ಮಾನ ಮಾಡುವಂತಿಲ್ಲ. ಬುಟ್ಟಿಯಲ್ಲಿ ಹಾಕಿ, ಆಟೋದಲ್ಲಿ ಕೂರಿಸಿ, ನಾಯಿಗಳ ನಡುವೆ ಕಾಯಿಸಿದರೆ ಆರೋಗ್ಯವಾಗಿರುವ ಬೆಕ್ಕಿನ ಶುಗರ್ ಕೂಡ ಬರೀ ಗಾಬರಿಗೆ 300 ದಾಟಬಹುದು. ಹಾಗಾಗಿ ಫ್ರಕ್ಟೋಸಮೀನ್ ಅನ್ನುವ ಪರೀಕ್ಷೆ ಮಾಡಿಸುತ್ತೇವೆ. ಅದು ಹಿಂದಿನ ಒಂದೆರಡು ವಾರದ ಸರಾಸರಿ ಹೇಳುತ್ತದೆ.

ಇನ್ನು ಊಟ. ನಮ್ಮ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ, ಮೊಸರನ್ನ, ಟೀ ಜೊತೆ ಉಳಿದ ಬಿಸ್ಕತ್ತು. ಪ್ರೀತಿಗೆ ಕೊರತೆ ಇಲ್ಲ, ಆದರೆ ಬೆಕ್ಕು ಹುಟ್ಟಾ ಮಾಂಸಾಹಾರಿ. ಒಮ್ಮೆಗೇ ಬಂದ ಸಕ್ಕರೆಯನ್ನು ಸಂಭಾಳಿಸುವ ಶಕ್ತಿ ಅದರ ಲಿವರಿಗೆ ಕಡಿಮೆ. ಪ್ಯಾಕೆಟ್ಟಿನ ಒಣ ಕಾಳು ಕೂಡ ಪಿಷ್ಟ ಇಲ್ಲದೆ ಗಟ್ಟಿ ನಿಲ್ಲುವುದಿಲ್ಲ. ಶುಗರ್ ಇರುವ ಬೆಕ್ಕಿಗೆ ಪಿಷ್ಟದಿಂದ ಬರುವ ಕ್ಯಾಲೊರಿ ಒಟ್ಟಿನಲ್ಲಿ ನೂರಕ್ಕೆ 12ರ ಒಳಗಿರಬೇಕು ಅನ್ನುವುದು ಸಾಮಾನ್ಯ ಸಲಹೆ. ಡಬ್ಬಿ ಅಥವಾ ಪೌಚಿನಲ್ಲಿ ಬರುವ, ಗ್ರೇವಿ ಇಲ್ಲದ ಮೆತ್ತನೆ ಆಹಾರ ಇದಕ್ಕೆ ಹೊಂದುತ್ತದೆ. ಬರೀ ಬೇಯಿಸಿದ ಕೋಳಿ ಹಾಕಿ ಸುಮ್ಮನಾಗಬೇಡಿ, ಅದರಲ್ಲಿ ಕ್ಯಾಲ್ಸಿಯಂ ಸಾಲದು. ದಪ್ಪ ಬೆಕ್ಕನ್ನು ಉಪವಾಸ ಕೆಡವುವುದಂತೂ ಬೇಡವೇ ಬೇಡ, ಲಿವರ್ ಕೆಡುತ್ತದೆ. ಇನ್ನೊಂದು ಮುಖ್ಯ ವಿಷಯ. ಇನ್ಸುಲಿನ್ ನಡೆಯುತ್ತಿರುವಾಗ ಡಾಕ್ಟರಿಗೆ ಹೇಳದೆ ಊಟ ಬದಲಿಸಬೇಡಿ. ಅನ್ನ ನಿಲ್ಲಿಸಿದ ಕೆಲವೇ ದಿನದಲ್ಲಿ ಬೇಕಾದ ಇನ್ಸುಲಿನ್ ಕಡಿಮೆಯಾಗಬಹುದು. ಹಳೇ ಡೋಸೇ ಮುಂದುವರಿದರೆ ಶುಗರ್ ಕುಸಿಯುತ್ತದೆ.

ಇನ್ಸುಲಿನ್ ಕೊಟ್ಟರೆ ಕಾಯಿಲೆ ಹಿಂದೆ ಸರಿಯುವುದು ಹೇಗೆ? ರಕ್ತದಲ್ಲಿ ಸಕ್ಕರೆ ತುಂಬಿ ನಿಂತರೆ ಆ ಸಕ್ಕರೆಯೇ ಇನ್ಸುಲಿನ್ ಮಾಡುವ ಕೋಶಗಳನ್ನು ಬಾಡಿಸುತ್ತದೆ. ಹೊರಗಿನಿಂದ ಇನ್ಸುಲಿನ್ ಕೊಟ್ಟಾಗ, ದುಡಿದು ಬಸವಳಿದ ಎತ್ತಿನ ಹೆಗಲಿನಿಂದ ನೊಗ ಇಳಿಸಿದ ಹಾಗೆ, ಉಳಿದಿರುವ ಕೋಶಗಳಿಗೆ ಬಿಡುವು ಸಿಗುತ್ತದೆ. ಬಿಡುವು ಬೇಗ ಸಿಕ್ಕರೆ ಉಳಿಯುವ ಕೋಶ ಜಾಸ್ತಿ. 2009ರಲ್ಲಿ ಕರ್ಸ್ಟನ್ ರೂಂಪ್ ಮತ್ತು ಜ್ಯಾಕಿ ರ‍್ಯಾಂಡ್ ಎಂಬ ಇಬ್ಬರು ಸಂಶೋಧಕರು 55 ಬೆಕ್ಕುಗಳ ಅಧ್ಯಯನ ಪ್ರಕಟಿಸಿದರು. ಸಾಕಿದವರೇ ಮನೆಯಲ್ಲಿ ದಿನಕ್ಕೆ ಹಲವು ಸಲ ಶುಗರ್ ನೋಡಿ, ಗ್ಲಾರ್ಜಿನ್ ಇನ್ಸುಲಿನ್ನನ್ನು ಹೊಂದಿಸಿದ್ದರು. ನೂರಕ್ಕೆ 64ರಷ್ಟು ಬೆಕ್ಕುಗಳು ಇನ್ಸುಲಿನ್ ಬಿಟ್ಟವು. ಕಾಯಿಲೆ ಗೊತ್ತಾದ 6 ತಿಂಗಳೊಳಗೆ ಈ ಕ್ರಮ ಶುರು ಮಾಡಿದವುಗಳಲ್ಲಿ ನೂರಕ್ಕೆ 84. ತಡ ಮಾಡಿದವುಗಳಲ್ಲಿ 35. ಒಂದು ಮಾತು ನೆನಪಿಡಿ, ಅವರೆಲ್ಲ ಪಟ್ಟು ಹಿಡಿದು ಸೂಜಿ ಚುಚ್ಚಿ ನೋಡಿದವರು. ಎಲ್ಲ ಮನೆಯಲ್ಲೂ ಅದೇ ಫಲ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಬೇಗ ಶುರು ಮಾಡಿದರೆ ಲಾಭ ಅನ್ನುವುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ಗ್ಲಾರ್ಜಿನ್ ಮನುಷ್ಯರಿಗೆ ಕೊಡುವ ಇನ್ಸುಲಿನ್ನೇ. ಬೆಂಗಳೂರಿನ ಬಯೋಕಾನ್ ಕೂಡ ಅದನ್ನು ತಯಾರಿಸುತ್ತದೆ. ಚರ್ಮದಡಿ ಸೇರಿ ಸಣ್ಣ ಹರಳಾಗಿ ಕೂತು, ಅಲ್ಲಿಂದ ನಿಧಾನವಾಗಿ ಕರಗುವುದು ಅದರ ಗುಣ. ಆದ್ದರಿಂದ ಅದಕ್ಕೆ ನೀರು ಬೆರೆಸಬಾರದು, ಇನ್ನೊಂದು ಇನ್ಸುಲಿನ್ ಜೊತೆ ಸೇರಿಸಬಾರದು. ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ತಿಳಿನೀರಿನಂತಿರಬೇಕಾದ್ದು ಮಬ್ಬಾದರೆ ಎಸೆಯಿರಿ.

ಈಗ ಸಿರಿಂಜಿನ ವಿಷಯ. ಸ್ವಲ್ಪ ಕಿವಿಗೊಟ್ಟು ಕೇಳಿ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜ್ ಸಿಗುತ್ತವೆ. ಕೆಂಪು ಟೋಪಿಯದು 40 ಯೂನಿಟ್ಟಿನ ಇನ್ಸುಲಿನ್ನಿಗೆ. ಕಿತ್ತಳೆ ಟೋಪಿಯದು 100 ಯೂನಿಟ್ಟಿನದಕ್ಕೆ. ಗ್ಲಾರ್ಜಿನ್ ಸಾಮಾನ್ಯವಾಗಿ ಬರುವುದು ಒಂದು ಮಿಲಿಲೀಟರಿಗೆ 100 ಯೂನಿಟ್ ಇರುವ ಹಾಗೆ. ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಟ್ಟು, ನೀವು ಕೆಂಪು ಟೋಪಿಯದರಲ್ಲಿ ಒಂದು ಗೆರೆ ಎಳೆದರೆ, ಒಳಗೆ ಹೋಗುವುದು ಒಂದು ಯೂನಿಟ್ ಅಲ್ಲ, ಎರಡೂವರೆ. ನಾಲ್ಕು ಕಿಲೋ ಬೆಕ್ಕಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಅಂಗಡಿಯಿಂದ ಹೊರಡುವ ಮುಂಚೆ ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಎರಡೂ ಒಂದೇ ಇದೆಯಾ ಅಂತ ಓದಿ ನೋಡಿ. ಸಾಧ್ಯವಾದರೆ ಅರ್ಧ ಯೂನಿಟ್ ಗೆರೆ ಇರುವ 0.3 ಮಿಲಿಲೀಟರಿನ ಸಿರಿಂಜ್ ಹೇಳಿ ತರಿಸಿ. ದೊಡ್ಡ ಮನುಷ್ಯರಿಗೆ ಅರ್ಧ ಯೂನಿಟ್ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಬೆಕ್ಕಿನ ವಿಷಯದಲ್ಲಿ ಆಟವೆಲ್ಲ ನಡೆಯುವುದೇ ಆ ಅರ್ಧ ಯೂನಿಟ್ಟಿನಲ್ಲಿ.

ಬಹಳಷ್ಟು ಬೆಕ್ಕುಗಳಿಗೆ ನಾವು ಶುರು ಮಾಡುವುದು ಬೆಳಿಗ್ಗೆ ಒಂದು, ಸಂಜೆ ಒಂದು ಯೂನಿಟ್ಟಿನಿಂದ. ನಡುವೆ 12 ಗಂಟೆ. ಏರಿಸುವಾಗ ಅವಸರ ಬೇಡ. ಹೊಸ ಡೋಸಿನ ಪೂರ್ತಿ ಪರಿಣಾಮ ಕಾಣಲು ಮೂರು ನಾಲ್ಕು ದಿನ ಬೇಕು. ಆದ್ದರಿಂದ ಸಾಮಾನ್ಯವಾಗಿ ಐದರಿಂದ ಏಳು ದಿನ ಕಾದು, ಕಾಲು ಅಥವಾ ಅರ್ಧ ಯೂನಿಟ್ ಏರಿಸುತ್ತೇವೆ. ನಿನ್ನೆ ಕೊಟ್ಟದ್ದಕ್ಕೆ ಇವತ್ತೇ ಶುಗರ್ ಇಳಿಯಲಿಲ್ಲ ಅಂತ ತಾವೇ ಏರಿಸಿಕೊಂಡು ಬರುವವರಿದ್ದಾರೆ, ಅಂಥವರಿಗೆ ನಾನು ಗದರುತ್ತೇನೆ. ಏರಿಸಿ ಏರಿಸಿಯೂ ಶುಗರ್ ಜಗ್ಗದಿದ್ದರೆ ಬೇರೆ ಕಾರಣ ಹುಡುಕಬೇಕು. ಹಲ್ಲಿನ ಸೋಂಕು, ಮೂತ್ರದ ಸೋಂಕು, ಅಥವಾ ಪಿಟ್ಯೂಟರಿ ಗ್ರಂಥಿಯ ತೊಂದರೆ.

ಏರಿಸಲೂ ಇಳಿಸಲೂ ಮನೆಯ ಮೀಟರೇ ದಾರಿ ತೋರಿಸಬೇಕು. ರಕ್ತ ತೆಗೆಯುವುದು ಕಿವಿಯ ಅಂಚಿನಿಂದ. ಕಾಲ್ಚೀಲದಲ್ಲಿ ಒಂದು ಹಿಡಿ ಅಕ್ಕಿ ಕಟ್ಟಿ, ಕೊಂಚ ಬೆಚ್ಚಗೆ ಮಾಡಿ, ಕಿವಿಗೆ ಒಂದು ನಿಮಿಷ ಒತ್ತಿ. ಅಂಚಿನುದ್ದಕ್ಕೂ ಸಣ್ಣ ರಕ್ತನಾಳ ಕಾಣುತ್ತದೆ. ಕಿವಿಯ ಹಿಂದೆ ಮಡಿಸಿದ ಹತ್ತಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಸೂಜಿ ನಿಮ್ಮ ಬೆರಳಿಗೇ ಬರುತ್ತದೆ. ನಾಳಕ್ಕೂ ಅಂಚಿಗೂ ನಡುವೆ ಚುಚ್ಚಿ. ಸಾಸಿವೆಯಷ್ಟು ಹನಿ ಸಾಕು, ಸ್ಟ್ರಿಪ್ಪಿನ ತುದಿ ತಾಗಿಸಿದರೆ ಅದೇ ಎಳೆದುಕೊಳ್ಳುತ್ತದೆ. ಆಮೇಲೆ ಹತ್ತಿ ಒತ್ತಿ ಹಿಡಿಯಿರಿ, ಒಂದು ಚೂರು ಕೋಳಿ ಕೊಡಿ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತದೆ. ಪ್ರಾಣಿಗಳ ಮೀಟರ್ ಸಿಗದಿದ್ದರೆ ಅದನ್ನೇ ಬಳಸಿ, ಆದರೆ ಯಾವ ಮೀಟರ್ ಅಂತ ಡಾಕ್ಟರಿಗೆ ತಿಳಿಸಿ, ನಡುವೆ ಬದಲಾಯಿಸಬೇಡಿ. ಭುಜಕ್ಕೆ ಅಂಟಿಸುವ ಸೆನ್ಸರನ್ನೂ ಈಗ ಬೆಕ್ಕಿಗೆ ಹಾಕುತ್ತೇವೆ, ದುಬಾರಿ.

ನೋಡಬೇಕಾದ್ದು ಎರಡು ಹೊತ್ತು. ಇಂಜೆಕ್ಷನ್ನಿಗೆ ಮುಂಚೆ ಒಂದು. ಕೊಟ್ಟ ನಾಲ್ಕರಿಂದ ಎಂಟು ಗಂಟೆ ನಡುವೆ, ಶುಗರ್ ಅತಿ ಕೆಳಗೆ ಇಳಿಯುವ ಹೊತ್ತಿಗೆ ಇನ್ನೊಂದು. ಇನ್ಸುಲಿನ್ ಇಳಿಸುವ ನಿರ್ಧಾರಕ್ಕೆ ಆ ಕೆಳಗಿನ ಸಂಖ್ಯೆಯೇ ಮುಖ್ಯ.

ಹಿಂದೆ ಒಂದು ಕೇಸರಿ ಬಣ್ಣದ ಗಂಡು ಬೆಕ್ಕು ನನ್ನ ಹತ್ತಿರ ಬರುತ್ತಿತ್ತು. ಆರು ಕಿಲೋ ದಾಟಿದ್ದ ಭೂಪತಿ. ಸಾಕಿದವರು ರಿಟೈರಾದ ಟೀಚರಮ್ಮ. ಹಳೇ ಹಾಜರಿ ಪುಸ್ತಕದಲ್ಲಿ ಗೆರೆ ಎಳೆದು, ಶುಗರ್, ಡೋಸ್, ತಿಂದದ್ದು ಎಲ್ಲ ಬರೆಯುತ್ತಿದ್ದರು. ವಾರಗಟ್ಟಲೆ 300ರ ಮೇಲಿದ್ದದ್ದು 220ಕ್ಕೆ, 170ಕ್ಕೆ ಬಂತು. ಒಂದು ಬೆಳಿಗ್ಗೆ ಫೋನ್. "ಡಾಕ್ಟ್ರೇ, ಇವತ್ತು 92 ಬಂದಿದೆ! ಖುಷಿಯಾಗ್ತಿದೆ. ಎರಡು ಯೂನಿಟ್ ಎಳೆದು ಇಟ್ಕೊಂಡಿದ್ದೀನಿ, ಕೊಟ್ಟುಬಿಡ್ಲಾ?" ನಾನು, "ಬೇಡಮ್ಮಾ, ಸಿರಿಂಜ್ ಕೆಳಗಿಡಿ, ಮೊದಲು ಊಟ ಹಾಕಿ" ಅಂದೆ. ಇಂಜೆಕ್ಷನ್ ಕೊಡುವ ಮುಂಚೆಯೇ 92 ಇದೆ ಅಂದರೆ ಅದರ ಸ್ವಂತ ಇನ್ಸುಲಿನ್ ಕೆಲಸಕ್ಕೆ ಮರಳಿದೆ. ಮೇಲಿನಿಂದ ಎರಡು ಯೂನಿಟ್ ಬಿದ್ದರೆ ಮಧ್ಯಾಹ್ನದ ಹೊತ್ತಿಗೆ ಅದು ನೆಲದ ಮೇಲೆ ಒದ್ದಾಡುತ್ತಿತ್ತು. ಆವತ್ತಿನ ಡೋಸ್ ಬಿಟ್ಟೆವು. ಮಾರನೇ ದಿನದಿಂದ ಒಂದು ಯೂನಿಟ್.

ಅಲ್ಲಿಂದ ಮುಂದೆ ಮೆಟ್ಟಿಲಿಳಿದದ್ದು ಹೀಗೆ. ಕೆಳಗಿನ ಸಂಖ್ಯೆ 80ರ ಹತ್ತಿರ ಬಂದಾಗಲೆಲ್ಲ ಕಾಲೋ ಅರ್ಧವೋ ಯೂನಿಟ್ ಕಡಿಮೆ. ಒಂದರಿಂದ ಅರ್ಧ. ಅರ್ಧದಲ್ಲೂ ಹಗಲಿಡೀ ಮಾಮೂಲಿ ಮಟ್ಟ ಇದ್ದರೆ ದಿನಕ್ಕೆ ಒಂದೇ ಸಲ ಅರ್ಧ. ಆಮೇಲೆ ನಿಲ್ಲಿಸಿ ನೋಡುವುದು. ಒಂದು ಮೆಟ್ಟಿಲು ಇಳಿದಾಗ ಶುಗರ್ ಮತ್ತೆ 200 ದಾಟಿ ನಿಂತರೆ ಹಿಂದಿನ ಮೆಟ್ಟಿಲಿಗೆ ವಾಪಸ್. ಅದಕ್ಕೆ ಬೇಜಾರು ಮಾಡಿಕೊಳ್ಳಬೇಕಿಲ್ಲ, ಆ ಕೋಶಗಳಿಗೆ ಇನ್ನಷ್ಟು ದಿನ ಬಿಡುವು ಬೇಕು ಅಷ್ಟೇ. ಹಾಗೆಯೇ ಶುರುವಿನ ಎರಡು ವಾರದೊಳಗೆ ಚೆನ್ನಾಗಿ ಕಂಡಿತು ಅಂತ ಪೂರ್ತಿ ನಿಲ್ಲಿಸುವ ಆಸೆಯೂ ಬೇಡ. ಡೋಸ್ ಇಳಿಸಿ, ಆದರೆ ಸಣ್ಣ ಪ್ರಮಾಣದಲ್ಲಿ ಮುಂದುವರಿಸುವುದು ಒಳ್ಳೆಯದು.

ಶುಗರ್ ಕುಸಿದದ್ದು ಗೊತ್ತಾಗುವುದು ಹೇಗೆ? ಬೆಕ್ಕು ತೂರಾಡುತ್ತದೆ, ನಡುಗುತ್ತದೆ, ಕಣ್ಣು ಅಗಲವಾಗಿ ಎತ್ತಲೋ ನೋಡುತ್ತದೆ, ಕೆಲವು ಸಲ ಸುಮ್ನೆ ಮೂಲೆ ಸೇರುತ್ತದೆ, ಕೊನೆಗೆ ಫಿಟ್ಸ್. ಮೀಟರಿನಲ್ಲಿ 60ಕ್ಕಿಂತ ಕಡಿಮೆ ಬಂದರೆ, ಬೆಕ್ಕು ಚೆನ್ನಾಗಿ ಕಂಡರೂ ಸರಿ, ತಕ್ಷಣ ಊಟ ಹಾಕಿ, ಡಾಕ್ಟರಿಗೆ ಫೋನ್ ಮಾಡಿ, ಹದಿನೈದು ನಿಮಿಷಕ್ಕೊಮ್ಮೆ ನೋಡುತ್ತಿರಿ. ತೂರಾಡುತ್ತಿದ್ದರೆ ಜೇನುತುಪ್ಪವನ್ನೋ, ಗಟ್ಟಿಯಾಗಿ ಕಲಸಿದ ಗ್ಲುಕೋಸ್ ಪುಡಿಯನ್ನೋ ಒಸಡಿಗೆ ಸವರಿ. ಪ್ರಜ್ಞೆ ಇಲ್ಲದ ಬೆಕ್ಕಿನ ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಸವರುತ್ತಲೇ ಆಸ್ಪತ್ರೆಗೆ ಹೊರಡಿ.

ಇಂಜೆಕ್ಷನ್ ಕೊಟ್ಟಾಗ ಬೆಕ್ಕು ಹಾರಿ, ಮದ್ದು ಒಳಗೆ ಹೋಯಿತೋ ಕೂದಲಿಗೆ ಸಿಡಿಯಿತೋ ಗೊತ್ತಾಗದಿದ್ದರೆ ಮತ್ತೆ ಕೊಡಬೇಡಿ. ಒಂದು ಹೊತ್ತು ಶುಗರ್ ಜಾಸ್ತಿ ಇದ್ದರೆ ತಡೆಯಬಹುದು, ಎರಡು ಡೋಸ್ ಬಿದ್ದರೆ ತಡೆಯಲಾಗದು. ಮರೆತ ಡೋಸನ್ನು ಮುಂದಿನದಕ್ಕೆ ಸೇರಿಸುವುದೂ ಬೇಡ. ಆದರೆ ಬೆಕ್ಕು ತಿನ್ನದೆ, ವಾಂತಿ ಮಾಡುತ್ತಾ ಮಂಕಾಗಿದ್ದರೆ ಅದು ಬೇರೆಯದೇ ತುರ್ತು. ಆಗ ಮನೆಯಲ್ಲಿ ಕಾಯಬಾರದು.

ಇನ್ಸುಲಿನ್ ಬಿಟ್ಟ ಮೇಲೆ? ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಬೆಕ್ಕಿಗೆ ಶುಗರ್ ಮರಳಿ ಬರುತ್ತದೆ. ಹಾಗಾಗಿ ಮೀಟರನ್ನು ಅಟ್ಟಕ್ಕೆ ಹಾಕಬೇಡಿ. ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆ ಕಿವಿ ಚುಚ್ಚಿ ನೋಡಿ. ತಿಂಗಳಿಗೊಮ್ಮೆ ತೂಕ ನೋಡಿ. ಬೆಕ್ಕನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಆಯಿತು. ಪಿಷ್ಟ ಕಡಿಮೆ ಇರುವ ಊಟ ಮುಂದುವರಿಯಲಿ, ಮೊಸರನ್ನಕ್ಕೆ ಮರಳುವುದು ಬೇಡ. ಬೇರೆ ಯಾವ ಡಾಕ್ಟರ ಹತ್ತಿರ ಯಾವ ಕಾರಣಕ್ಕೆ ಹೋದರೂ, ಇದಕ್ಕೆ ಶುಗರ್ ಇತ್ತು, ಸ್ಟೀರಾಯ್ಡ್ ಬೇಡ ಅಂತ ಸೂಜಿ ಹಿಡಿಯುವ ಮುಂಚೆಯೇ ಹೇಳಿ. ನೀರು ಕುಡಿಯುವುದು ಮತ್ತೆ ಜಾಸ್ತಿಯಾದರೆ ಅವತ್ತೇ ಪರೀಕ್ಷೆ ಮಾಡಿ. ಬಂದಿದ್ದರೆ ಮತ್ತೆ ಇನ್ಸುಲಿನ್ ಶುರು ಮಾಡಬೇಕು, ತಡ ಮಾಡದೆ. ಎರಡನೇ ಸಲವೂ ಬಿಟ್ಟು ಹೋಗುವ ಬೆಕ್ಕುಗಳಿವೆ, ಆದರೆ ಮೊದಲ ಸಲದಷ್ಟು ಅಲ್ಲ.

ನಮಸ್ಕಾರ.