ದ್ರಾಕ್ಷಿ ತೋಟಗಳ ನಡುವಿನ ತಂಗುದಾಣ

ಕೇಳುಗರಿಗೆ ನಮಸ್ಕಾರ. ಫ್ರಾನ್ಸಿನ ಪೂರ್ವದಂಚಿನ ಆಲ್ಸೇಸ್ ಪ್ರಾಂತ್ಯದಲ್ಲಿ, ವೋಜ್ ಬೆಟ್ಟಗಳ ಬುಡದಲ್ಲಿ, ಕೈಸರ್ಸ್‌ಬರ್ಗ್ ಎಂಬ ಪುಟ್ಟ ಊರಿದೆ. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಒಡಲಲ್ಲಿಟ್ಟುಕೊಂಡು ಊರೂರು ತಿರುಗುವ ಮೋಟಾರ್ ಹೋಮ್‌ಗಳಿಗೆ ಅಲ್ಲೊಂದು ತಂಗುದಾಣವಿದೆ.

ಇಂಥ ತಾಣಕ್ಕೆ ಫ್ರೆಂಚರು 'ಏರ್' ಎನ್ನುತ್ತಾರೆ. ಕುಡಿಯುವ ನೀರಿನ ನಲ್ಲಿ, ಪಾತ್ರೆ ತೊಳೆದ ನೀರನ್ನು ಹರಿಯಬಿಡಲು ನೆಲದಲ್ಲೊಂದು ಜಾಲರಿ, ಶೌಚದ ತೊಟ್ಟಿಯನ್ನು ಬರಿದುಮಾಡಲು ಪ್ರತ್ಯೇಕ ಗುಂಡಿ, ಇವು ಅದರ ಮುಖ್ಯ ಸೌಕರ್ಯಗಳು. ಆ ತೊಟ್ಟಿಯನ್ನು ಕುಡಿಯುವ ನೀರಿನ ನಲ್ಲಿಯ ಬಳಿಗೆ ಒಯ್ಯಬಾರದೆಂಬುದು ಅಲ್ಲಿಯ ಮೊದಲ ಶಿಸ್ತು. ಮೇಜು ಕುರ್ಚಿಗಳನ್ನು ಹೊರಗೆ ಹರಡಿ ಬಿಡಾರ ಹೂಡುವುದಕ್ಕೂ ಸಾಮಾನ್ಯವಾಗಿ ಅವಕಾಶವಿಲ್ಲ.

ಏಳು ಮೀಟರ್ ಉದ್ದದ ವಾಹನವು ಮಧ್ಯಯುಗದ ಓಣಿಗಳಲ್ಲಿ ನುಗ್ಗಲಾರದು. ಆದ್ದರಿಂದ ಬಂದವರು ಅದನ್ನು ಊರಂಚಿನಲ್ಲೇ ಬಿಟ್ಟು, ಚೀಲ ಹಿಡಿದು ಬ್ರೆಡ್ಡಿನ ಅಂಗಡಿಗೂ ದ್ರಾಕ್ಷಾರಸ ತಯಾರಿಸುವವರ ಮನೆಗೂ ನಡೆದೇ ಹೋಗಬೇಕು. ಹಳ್ಳಿಯ ನೆಮ್ಮದಿಯನ್ನೂ ವ್ಯಾಪಾರವನ್ನೂ ಒಟ್ಟಿಗೆ ಕಾಯುವ ಈ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾಯಿತು.

ಆಫ್ರಿಕಾದಲ್ಲಿ ಆಸ್ಪತ್ರೆ ಕಟ್ಟಿ ರೋಗಿಗಳ ಸೇವೆ ಮಾಡಿದ ವೈದ್ಯ ಆಲ್ಬರ್ಟ್ ಶ್ವೈಟ್ಜರ್ 1875ರಲ್ಲಿ ಹುಟ್ಟಿದ್ದು ಇದೇ ಕೈಸರ್ಸ್‌ಬರ್ಗ್‌ನಲ್ಲಿ. 1953ರಲ್ಲಿ ಆರಂಭವಾದ, ಸುಮಾರು 170 ಕಿಲೋಮೀಟರ್ ಉದ್ದದ ಆಲ್ಸೇಸ್ ದ್ರಾಕ್ಷಾರಸ ಮಾರ್ಗವೂ ಇಲ್ಲಿ ಹಾದುಹೋಗುತ್ತದೆ. ಆದರೆ ಡಾಂಬರು ರಸ್ತೆಯನ್ನು ಬಿಟ್ಟು ತೋಟಗಳ ನಡುವಿನ ಕಾಲುದಾರಿ ಹಿಡಿದರೆ ಮೊದಲು ಕಿಂಟ್ಸ್‌ಹೈಮ್, ಆಮೇಲೆ 1291ರ ಕಾವಲುಗೋಪುರವಿರುವ ರೀಕ್ವೀರ್, ಅದನ್ನೂ ದಾಟಿದರೆ ಹುನಾವೀರ್ ಸಿಗುತ್ತದೆ. ಕೊಯ್ಲಿನ ದಿನಗಳಲ್ಲಿ ಈ ಹಾದಿಗಳಿಗೆ ನಿರ್ಬಂಧವಿರಬಹುದಾದ್ದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹುನಾವೀರ್‌ನ ಇಗರ್ಜಿ ಕೋಟೆಗೋಡೆಯ ಒಳಗಿದೆ. ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಅದೊಂದರಲ್ಲೇ ಪ್ರಾರ್ಥಿಸುತ್ತಾರೆ. ಈ ಹಳ್ಳಿ ಮಾಡಿದ ದೊಡ್ಡ ಕೆಲಸವೆಂದರೆ ಬಿಳಿ ಕೊಕ್ಕರೆಗಳನ್ನು ಉಳಿಸಲು ನೆರವಾದದ್ದು. 1970ರ ದಶಕದ ಹೊತ್ತಿಗೆ ಇಡೀ ಆಲ್ಸೇಸ್‌ನಲ್ಲಿ ಹತ್ತು ಜೋಡಿಗಳೂ ಉಳಿದಿರಲಿಲ್ಲ. ಜೌಗು ನೆಲ ಬತ್ತಿತ್ತು. ಆಫ್ರಿಕಾಕ್ಕೆ ವಲಸೆ ಹೋದವುಗಳಲ್ಲಿ ಅನೇಕ ಮರಳುತ್ತಿರಲಿಲ್ಲ. 1976ರಲ್ಲಿ ಇಲ್ಲಿ ತೆರೆದ ಕೇಂದ್ರದಲ್ಲಿ ಮರಿಗಳನ್ನು ಸುಮಾರು ಮೂರು ವರ್ಷ ಆವರಣದೊಳಗೆ ಸಾಕಿ, ವಲಸೆಯ ತುಡಿತ ತಗ್ಗಿದ ಮೇಲೆ ಬಿಟ್ಟರು. ಇಂದು ಆ ಪ್ರಾಂತ್ಯದಲ್ಲಿ ನೂರಾರು ಜೋಡಿಗಳಿವೆ. ನಮ್ಮ ಕೊಕ್ಕರೆ ಬೆಳ್ಳೂರನ್ನು ಬಲ್ಲವರಿಗೆ ಈ ಅಕ್ಕರೆ ಹೊಸದೆನಿಸದು.

ಈ ಹಕ್ಕಿಗೆ ಕಂಠದ ಕೂಗು ಇಲ್ಲವೆಂದೇ ಹೇಳಬೇಕು. ಸಂಗಾತಿ ಗೂಡಿಗೆ ಮರಳಿದಾಗ ಅದು ಕತ್ತನ್ನು ಬೆನ್ನಿನವರೆಗೆ ಬಾಗಿಸಿ, ಕೊಕ್ಕನ್ನು ಕಟಕಟನೆ ಬಡಿಯುತ್ತದೆ. ಆ ಸದ್ದು ನನ್ನ ಕಿವಿಗೆ ಬಿದ್ದದ್ದು ವಾಹನದಿಂದಿಳಿದು ತೋಟದ ಹಾದಿಯಲ್ಲಿ ನಡೆಯುತ್ತಿದ್ದಾಗ.